ನಾಟಕಕ್ಕೆ ವಾದ್ಯಗಾರರೋ, ಸಿಂಥಸೈಸರೋ: ನಿರ್ಧರಿಸುವ ಬಗೆ

ಮೊದಲು ನಾಟಕದ ಪ್ರತಿಯಲ್ಲಿ ಸಂಗೀತ ಬರುವ ಪ್ರತಿಯೊಂದು ಜಾಗವನ್ನೂ ಗುರುತಿಸಿಕೊಂಡು, ಅಲ್ಲಿ ನಟರು ಸಂಗೀತವನ್ನು ಅನುಸರಿಸುತ್ತಾರೋ ಅಥವಾ ಸಂಗೀತವೇ ನಟರನ್ನು ಅನುಸರಿಸಬೇಕೋ ಎಂಬುದನ್ನು ಬರೆದಿಡಿ. ಮಾತಿನ ನಡುವಿನ ಮೌನವು ಪ್ರದರ್ಶನದಿಂದ ಪ್ರದರ್ಶನಕ್ಕೆ ಹಿಗ್ಗಿ ಕುಗ್ಗುವ ದೃಶ್ಯಗಳಿಗೆ ವಾದ್ಯಗಾರರೇ ಬೇಕು. ನಟ ತಡೆದು ನಿಂತರೆ ಅವರು ಅದೇ ಸಾಲನ್ನು ಮತ್ತೊಮ್ಮೆ ನುಡಿಸುತ್ತ ಕಾಯಬಲ್ಲರು, ಮೊದಲೇ ಧ್ವನಿಮುದ್ರಿಸಿಟ್ಟ ಸಂಗೀತ ಕಾಯುವುದಿಲ್ಲ. ಗಾಳಿಯ ಸದ್ದಿಗೆ, ದೃಶ್ಯ ಬದಲಾವಣೆಯ ಹಿನ್ನೆಲೆಗೆ ಸಿಂಥಸೈಸರ್ (ಕೀಬೋರ್ಡಿನಿಂದ ನುಡಿಸಿ, ವಿದ್ಯುನ್ಮಾನವಾಗಿ ಬಗೆಬಗೆಯ ಸದ್ದು ಹುಟ್ಟಿಸುವ ವಾದ್ಯ) ಸಾಕು.

ಹಣ ಕಡಿಮೆಯಿದ್ದರೆ ತಂತಿವಾದ್ಯಗಳ ಮೇಳವನ್ನು ಕೀಬೋರ್ಡಿಗೆ ಬಿಟ್ಟು, ಮುಖ್ಯ ಧಾಟಿಯನ್ನು ಮಾತ್ರ ಒಬ್ಬ ಪಿಟೀಲು ವಾದಕರಿಗೆ ಒಪ್ಪಿಸಿ; ಕಿವಿ ಆ ಒಂದನ್ನು ಹಿಡಿದುಕೊಂಡು ಉಳಿದುದನ್ನೂ ನಂಬಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ವಾದಕರು ನಟರಿಂದ 10 ಮೀಟರ್ ದೂರ ಕುಳಿತರೆ ಧ್ವನಿ ಸುಮಾರು 29 ಮಿಲಿಸೆಕೆಂಡು ತಡವಾಗಿ ತಲುಪುವುದರಿಂದ, ಹಾಡುವ ನಟರ ಹತ್ತಿರ ಮಾನಿಟರ್ ಸ್ಪೀಕರ್ (ಸಂಗೀತ ಅವರಿಗೇ ಕೇಳಿಸಲೆಂದು ಇಡುವ ಸ್ಪೀಕರ್) ಇಡಿಸಿ.