ಅವ್ವನ ಬೋಗುಣಿಗೆ ನಾನೇ ಕಲಾಯಿ ಹಾಕಿದ್ದು

ಎಳ್ಳಮಾವಾಸ್ಯೆಗೆ ಇನ್ನೂ ಮೂರು ವಾರವಿತ್ತು. ಅವ್ವ ಅಟ್ಟದ ಮೇಲಿದ್ದ ಹಿತ್ತಾಳೆಯ ದೊಡ್ಡ ಬೋಗುಣಿಯನ್ನು ನನ್ನಿಂದ ಇಳಿಸಿಕೊಂಡು, ಒಳಗೆ ಕೈಯಾಡಿಸಿ, "ಈ ಸಲ ಹೊಲಕ್ಕೆ ಒಯ್ಯುವ ಭಜ್ಜಿ ಇದರಲ್ಲೇ ಆಗಬೇಕು, ಕಲಾಯಿ ಹಾಕಿಸಿಕೊಂಡು ಬಾ" ಎಂದಳು. ಅಂಗಡಿಗೆ ಹೋಗಿ ಉಪ್ಪು ತಾ ಎಂದಷ್ಟೇ ಹಗುರವಾಗಿ ಹೇಳಿದಳು.

ಬೋಗುಣಿಯ ಒಳಗೆ ಬಗ್ಗಿ ನೋಡಿದೆ. ಕಲಾಯಿ, ಅಂದರೆ ಒಳಮೈಗೆ ಹಾಕಿದ ತವರದ ಲೇಪ, ಅಂಚಿನ ಹತ್ತಿರ ಬೂದು ಪಟ್ಟಿಯಾಗಿ ಮಾತ್ರ ಉಳಿದಿತ್ತು. ತಳದಲ್ಲಿ ಹಿತ್ತಾಳೆ ಬರಿಮೈಯಲ್ಲಿ ಹಳದಿಯಾಗಿ ಹೊಳೆಯುತ್ತಿತ್ತು. ನಮ್ಮ ಕಡೆಯ ಭಜ್ಜಿಯನ್ನು ಉಂಡವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ತೊಗರಿಕಾಳು, ಹಸಿ ಕಡಲೆ, ಮೆಂತೆ, ಪುಂಡಿ, ಬದನೆ ಎಂದು ಹೊಲದಲ್ಲಿ ಸಿಕ್ಕಿದ್ದೆಲ್ಲ ಅದಕ್ಕೆ ಬೀಳುತ್ತದೆ, ಮೇಲೆ ಹುಣಸೆಹುಳಿ ಬೇರೆ. ಆ ಹುಳಿ ಬರಿ ಹಿತ್ತಾಳೆಗೆ ತಗುಲಿದರೆ ಅದರೊಳಗಿನ ತಾಮ್ರ ಅಡುಗೆಗೆ ಇಳಿಯುತ್ತದೆ. ನಾಲಿಗೆಗೆ ಕನರು ರುಚಿ ಬರುತ್ತದೆ, ಹೊಟ್ಟೆ ತೊಳಸುತ್ತದೆ. ಪಾತ್ರೆಯನ್ನು ಹಾಗೆಯೇ ಬಿಟ್ಟರೆ ಹಸಿರು ಕಿಲುಬು ಕೂರುತ್ತದೆ. ಹಿತ್ತಾಳೆಗೂ ಹುಳಿಗೂ ನಡುವೆ ನಿಲ್ಲುವುದು ಕೂದಲೆಳೆಗಿಂತ ತೆಳ್ಳಗಿನ ಆ ತವರದ ಪದರ ಒಂದೇ.

ನಾನು ಚಿಕ್ಕವನಿದ್ದಾಗ ಆಳಂದ ತಾಲ್ಲೂಕಿನ ನಮ್ಮ ಊರಿಗೆ ಸುಗ್ಗಿ ಮುಗಿದ ಮೇಲೆ ಕಲಾಯಿಯವರು ಬರುತ್ತಿದ್ದರು. ಬೇವಿನ ಮರದ ಕೆಳಗೆ ಗುಂಡಿ ತೋಡಿ, ಚರ್ಮದ ತಿದಿ ಹೂತು, ಓಣಿಯ ಪಾತ್ರೆಗಳನ್ನೆಲ್ಲ ಒಂದೇ ದಿನದಲ್ಲಿ ಬೆಳ್ಳಗೆ ಮಾಡಿ ಹೋಗುತ್ತಿದ್ದರು. ಸ್ಟೀಲು ಬಂತು, ಅವರು ಬರುವುದು ನಿಂತಿತು. ಈಗ ಕಲಬುರಗಿಯಲ್ಲಿ ನನಗೆ ಗೊತ್ತಿರುವವರು ಒಬ್ಬರೇ ಚಾಚಾ. ಅವರಿಗೆ ಕೆಲಸ ಕೊಡುವವರು ಮದುವೆಯ ಬಿರಿಯಾನಿ ಮಾಡುವ ಬಾಣಸಿಗರು. ಬಿರಿಯಾನಿ ಬೇಯಿಸುವ ಅವರ ತಾಮ್ರದ ದೊಡ್ಡ ಪಾತ್ರೆಗಳಿಗೆ, ಅಂದರೆ ಡೇಗುಗಳಿಗೆ, ಇಂದಿಗೂ ಕಲಾಯಿ ಬೇಕೇ ಬೇಕು. ಬೋಗುಣಿ ಹಿಡಿದುಕೊಂಡು ಅವರ ಬಳಿಗೆ ಹೋದೆ. "ಒಂದು ಪಾತ್ರೆಗಾಗಿ ಒಲೆ ಹೂಡುವುದಿಲ್ಲ ತಮ್ಮಾ. ಡೇಗುಗಳು ಬರಲಿ, ಅದರ ಜೊತೆಗೆ ಹಾಕಿಕೊಡುತ್ತೇನೆ" ಎಂದರು. ಯಾವಾಗ ಬರುತ್ತವೆ ಎಂದರೆ ಕೈ ಮೇಲೆತ್ತಿ ತೋರಿಸಿದರು.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್‌ಗಳ ತಂತಿ ಬಿಚ್ಚಿ ಮತ್ತೆ ಸುತ್ತುವುದು ನನ್ನ ಹೊಟ್ಟೆಪಾಡು. ಬೆಸುಗೆ ಹಾಕುವುದು ನನಗೆ ನೀರು ಕುಡಿದಷ್ಟು ಸಲೀಸು. ತವರ ಗೊತ್ತು, ಸೋಲ್ಡರಿಂಗ್ ಐರನ್ನಿನ ತುದಿ ತಿಕ್ಕಲು ಬಳಸುವ ನವಸಾಗರವೆಂಬ ಉಪ್ಪೂ ಗೊತ್ತು. ಕಲಾಯಿ ಎಂದರೆ ಒಂದು ಅಗಲವಾದ ಬೆಸುಗೆ, ಅಷ್ಟೇ ತಾನೇ ಎಂದುಕೊಂಡೆ. ಚಾಚಾ ಅವರಿಗೆ ಹಾಗೆಂದೇ ಹೇಳಿಯೂ ಬಿಟ್ಟೆ. ಅವರು ನಗಲಿಲ್ಲ. ಬೀಡಿ ಆರಿಸಿ, "ಮೊದಲು ತವರ ಕೊಳ್ಳುವುದನ್ನು ಕಲಿ" ಎಂದರು.

ಬೆಸುಗೆಗೆ ನಾವು ಬಳಸುವುದು ಸಾಮಾನ್ಯವಾಗಿ ನೂರಕ್ಕೆ 60 ಪಾಲು ತವರ, 40 ಪಾಲು ಸೀಸ ಇರುವ ಕಡ್ಡಿ. 190 ಡಿಗ್ರಿಯ ಹೊತ್ತಿಗೆ ಅದು ಪೂರ್ತಿ ಕರಗುತ್ತದೆ, ಚೆನ್ನಾಗಿ ಹರಿಯುತ್ತದೆ, ಅಗ್ಗವೂ ಹೌದು. ಅಡುಗೆ ಪಾತ್ರೆಗೆ ಅದನ್ನು ಹಾಕಿದರೆ ಮನೆಯವರಿಗೆಲ್ಲ ಸೀಸ ಉಣಿಸಿದಂತೆ. ಶುದ್ಧ ತವರ ಕರಗಬೇಕಾದರೆ 232 ಡಿಗ್ರಿ ಬೇಕು, ಬೆಲೆಯೂ ಹೆಚ್ಚು. ನೋಡಿದರೆ ಎರಡೂ ಬೆಳ್ಳಿಯಂತೆಯೇ ಹೊಳೆಯುತ್ತವೆ. ಚಾಚಾ ಒಂದು ಕಡ್ಡಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದರು. ಒಣ ಕಡ್ಡಿ ಮುರಿದಂತೆ ಚಿಟಚಿಟ ಸದ್ದು ಬಂತು. ಶುದ್ಧ ತವರ ಬಗ್ಗುವಾಗ ಹೀಗೆ ಕೂಗುತ್ತದೆ, ಸೀಸ ಬೆರೆತಷ್ಟೂ ಕೂಗು ಕುಗ್ಗುತ್ತದೆ. ಇಷ್ಟು ವರ್ಷ ತವರದ ಜೊತೆಗೇ ಬದುಕಿದ ನಾನು ಅದನ್ನು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ. ಮರುದಿನ ಬಜಾರಿನಲ್ಲಿ ಎರಡು ಅಂಗಡಿಗಳ ಕಡ್ಡಿಗಳನ್ನು ಬಗ್ಗಿಸಿ ನೋಡಿದೆ. ಒಂದರ ಕಡ್ಡಿ ಮೂಕವಾಗಿತ್ತು. ಇನ್ನೊಂದರಲ್ಲಿ 100 ಗ್ರಾಂ ಕೊಂಡುಕೊಂಡೆ.

ಬೋಗುಣಿಗೆ ನೇರವಾಗಿ ಕೈ ಹಾಕುವ ಧೈರ್ಯವಿರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ತಂಬಿಗೆಯ ಮೇಲೆ ಪ್ರಯೋಗಕ್ಕೆ ಹೊರಟೆ. ಹಿತ್ತಿಲಿನಲ್ಲಿ ಒಂದು ಗೇಣು ಆಳದ ಗುಂಡಿ ತೋಡಿ, ಪಕ್ಕದಿಂದ ಕಬ್ಬಿಣದ ಕೊಳವೆ ಹೊಗಿಸಿ, ಇದ್ದಿಲು ತುಂಬಿದೆ. ಮೋಟಾರಿನವನಿಗೆ ತಿದಿ ಯಾಕೆ? ಸಣ್ಣ ಮೋಟಾರಿಗೆ ರೆಕ್ಕೆ ಕಟ್ಟಿ ಬ್ಲೋವರ್ ಮಾಡಿಕೊಂಡೆ. ಸ್ವಿಚ್ ಒತ್ತಿದ ಕೂಡಲೇ ಕೆಂಡ ಭುಸ್ಸೆಂದು ಬೆಳ್ಳಗಾಯಿತು. ತಂಬಿಗೆಯನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಮೇಲಿಟ್ಟೆ. ಎರಡೇ ನಿಮಿಷಕ್ಕೆ ಅದರ ತಳದಿಂದ ಬಿಲ್ಲೆಯಂಥದ್ದೊಂದು ಕಳಚಿ ಕೆಂಡಕ್ಕೆ ಬಿತ್ತು. ಯಾವ ಕಾಲದಲ್ಲೋ ತೂತು ಬಿದ್ದಾಗ ಯಾರೋ ಬೆಸುಗೆಯಿಂದ ಹಾಕಿದ ತೇಪೆ ಅದು. ಬೆಸುಗೆ ಕರಗುವ ಶಾಖ ಕಲಾಯಿಯ ಶಾಖಕ್ಕಿಂತ ಕಡಿಮೆ ಎಂಬುದನ್ನು ಗಿರಾಕಿಗಳಿಗೆ ಪಾಠ ಹೇಳುವವನು ನಾನು. ತಂಬಿಗೆಯ ಬೆನ್ನು ತಿರುಗಿಸಿ ನೋಡಿರಲಿಲ್ಲ.

ಆಮೇಲೆ ಒಂದು ಹಿತ್ತಾಳೆ ಗಂಗಾಳ ತೆಗೆದುಕೊಂಡೆ. ಅದರಲ್ಲಿ ತೇಪೆ ಇರಲಿಲ್ಲ, ತಪ್ಪೆಲ್ಲ ನನ್ನದೇ. ಬ್ಲೋವರ್ ಬಿಡದೆ ಊದುತ್ತಿತ್ತು. ನವಸಾಗರದ ಪುಡಿ ಹಾಕಿದ ತಕ್ಷಣ ದಟ್ಟ ಬಿಳಿ ಹೊಗೆ ಎದ್ದು ಗಂಟಲು ಕಟ್ಟಿತು. ತವರ ಸವರಿದೆ. ಒಂದು ಕ್ಷಣ ಕನ್ನಡಿಯಂತೆ ಹೊಳೆದದ್ದು ನೋಡುನೋಡುತ್ತ ಹಳದಿಗೆ ತಿರುಗಿ, ನೀಲಿಯಾಗಿ, ಕಳೆಗುಂದಿ ಬೂದಿಯಂತಾಯಿತು. ತವರ ಸುಟ್ಟುಹೋಗಿತ್ತು. ಅದು ಸಾಲದೆಂಬಂತೆ, ಒರೆಸಲು ಹಿಡಿದಿದ್ದು ಅಂಗಡಿಯ ಚಿಂದಿ ಬಟ್ಟೆ. ಅದರಲ್ಲಿದ್ದ ಪಾಲಿಯೆಸ್ಟರ್ ಕರಗಿ ಕಪ್ಪು ಜಿಗಟಾಗಿ ಗಂಗಾಳಕ್ಕೆ ಅಂಟಿಕೊಂಡಿತು. ಅವ್ವ ಬಾಗಿಲಲ್ಲಿ ನಿಂತು ನೋಡಿ, ಏನೂ ಅನ್ನದೆ ಒಳಗೆ ಹೋದಳು. ಬೈದಿದ್ದರೆ ಮೇಲಿತ್ತು.

ಆ ಗಂಗಾಳವನ್ನು ಹಿಡಿದುಕೊಂಡು ಚಾಚಾ ಅವರ ಬಳಿಗೆ ಮತ್ತೆ ಹೋದೆ. ಅಂದು ಅವರು ಕೆಲಸದಲ್ಲಿದ್ದರು, ಅದು ನನ್ನ ಅದೃಷ್ಟ. ದೊಡ್ಡ ಡೇಗಿನೊಳಗೆ ಮರಳು, ಗೋಣಿಚೀಲದ ತುಂಡು ಹಾಕಿ, ಅದರಲ್ಲಿ ನಿಂತು ಸೊಂಟ ತಿರುಗಿಸುತ್ತ ಕಾಲಿನಿಂದಲೇ ಒಳಮೈ ಉಜ್ಜುತ್ತಿದ್ದರು. ಒಲೆಯ ಬಳಿ ಅವರ ಮೊಮ್ಮಗ ಕೈಚಕ್ರದ ಗಾಳಿಯಂತ್ರ ತಿರುಗಿಸುತ್ತಿದ್ದ. ನಾನು ಇಡೀ ಹೊತ್ತು ಚಾಚಾ ಅವರ ಕೈಗಿಂತ ಹೆಚ್ಚಾಗಿ ಆ ಹುಡುಗನ ಕೈಯನ್ನು ನೋಡಿದೆ. ಡೇಗು ಓರೆಯಾದಾಗ ಅವನು ನಿಧಾನಿಸುತ್ತಿದ್ದ. ಅಜ್ಜ ಹತ್ತಿಯ ಉಂಡೆ ಎತ್ತಿಕೊಂಡ ಕೂಡಲೇ ಅರ್ಧ ಸುತ್ತಿಗೇ ನಿಲ್ಲಿಸುತ್ತಿದ್ದ. ತವರ ಹರಿಯುವುದು ಸ್ವಲ್ಪ ತಡವಾದರೆ ಎರಡು ಸುತ್ತು ಮಾತ್ರ. ಮಾತೇ ಇಲ್ಲ. ನಾನು ಮೋಟಾರಿಗೆ ಫ್ಯಾನಿನ ರೆಗ್ಯುಲೇಟರ್ ಕೂಡಿಸಿದರೆ ಸಾಕೆಂದು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಆದರೆ ಅದನ್ನು ತಿರುಗಿಸಲು ನನಗೆ ಮೂರನೆಯ ಕೈ ಎಲ್ಲಿದೆ? ಒಂದರಲ್ಲಿ ಇಕ್ಕಳ, ಇನ್ನೊಂದರಲ್ಲಿ ಹತ್ತಿ. ಕಲಾಯಿ ಇಬ್ಬರ ಕೆಲಸ, ಆ ಎರಡನೆಯವನು ಕೂಡ ಪಾತ್ರೆಯನ್ನೇ ನೋಡುತ್ತಿರಬೇಕು. ನನ್ನ ಮೋಟಾರಿಗೆ ಕಣ್ಣಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನ್ನಂಥ ವೈಂಡಿಂಗ್‌ನವನಿಗೆ ಎಷ್ಟು ಕಷ್ಟವಾಯಿತು ಎಂಬುದನ್ನು ಬರೆದು ತಿಳಿಸಲಾರೆ.

ಪರಿಚಯದ ಕಮ್ಮಾರರಿಂದ ಒಂದು ಕೈಚಕ್ರವನ್ನು ಎರಡು ದಿನದ ಮಟ್ಟಿಗೆ ಕೇಳಿ ತಂದೆ. ಹತ್ತನೆಯ ತರಗತಿಯ ಮಗನನ್ನು ಅದರ ಮುಂದೆ ಕೂರಿಸಿದೆ. ಹತ್ತಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? ಬೀಜ ಬಿಡಿಸಿದ ಬರಿ ಅರಳೆಯನ್ನೇ ಮುಷ್ಟಿಯಷ್ಟು ಗಟ್ಟಿಯಾಗಿ ಉಂಡೆ ಮಾಡಿಕೊಂಡೆ. ಅರಳೆ ಸುಟ್ಟರೆ ಕರಿಯಾಗುತ್ತದೆ ಹೊರತು ಕರಗಿ ಅಂಟುವುದಿಲ್ಲ.

ಬೋಗುಣಿ ತೊಳೆಯುವುದಕ್ಕೇ ಅರ್ಧ ದಿನ ಹೋಯಿತು. ವಾಷಿಂಗ್ ಸೋಡಾ ಹಾಕಿದ ನೀರನ್ನು ಅದರಲ್ಲೇ ಕುದಿಸಿ ಜಿಡ್ಡು ಬಿಡಿಸಿದೆ, ಆಮೇಲೆ ಹುಣಸೆಹಣ್ಣು, ಉಪ್ಪು, ಸಣ್ಣ ಮರಳು. ಜಿಡ್ಡಿನ ಒಂದು ಬೆರಳಚ್ಚು ಉಳಿದರೂ ಅಲ್ಲಿ ತವರ ಹಿಡಿಯುವುದಿಲ್ಲ. ತೊಳೆದ ಮೇಲೆ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿದೆ. ನೀರಿನ ಹನಿ ಉಳಿದ ಪಾತ್ರೆಯಲ್ಲಿ ಕರಗಿದ ತವರ ಸಿಡಿಯುತ್ತದೆ.

ಒಲೆಯ ಮೇಲಿಟ್ಟಾಗ ಮೊದಲು ತಳ, ಆಮೇಲೆ ಓರೆ ಮಾಡಿ ಪಕ್ಕಗಳು ಎಂಬ ಕ್ರಮ. ಶಾಖ ಅಳೆಯಲು ನನ್ನ ಬಳಿ ಮೀಟರ್ ಇತ್ತು, ಅದನ್ನು ಮುಟ್ಟಲಿಲ್ಲ. ನವಸಾಗರವೇ ಹೇಳುತ್ತದೆ. ಚಿಟಿಕೆ ಪುಡಿ ಸುಮ್ಮನೆ ಕುಳಿತರೆ ಇನ್ನೂ ಕಾಯಬೇಕು. ಬಿದ್ದ ಕ್ಷಣವೇ ಭಗ್ಗನೆ ಹೊಗೆಯಾಗಿ ಮಾಯವಾದರೆ ಹೆಚ್ಚು ಕಾದಿದೆ. ಪಾತ್ರೆಯ ಮೈಗಂಟಿಕೊಂಡು ಮೆಲ್ಲಗೆ ಹೊಗೆಯಾಡುತ್ತ, ಅದರ ಸುತ್ತ ಹಿತ್ತಾಳೆಯ ಮೈ ತಿಳಿಯಾದರೆ ಅದೇ ಹದ. ಕಾದಾಗ ಈ ಉಪ್ಪು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ, ಲೋಹದ ಮೇಲಿನ ಕಿಟ್ಟವನ್ನು ತಿಂದುಹಾಕುತ್ತದೆ. ಹೊಗೆ ಕೆಟ್ಟದ್ದು. ಗಾಳಿಯ ದಿಕ್ಕು ನೋಡಿ ಕೂರಬೇಕು, ಮನೆಯೊಳಗೆ ಈ ಕೆಲಸ ಖಂಡಿತ ಬೇಡ. ಬೀದರಿನ ಬಿದರಿ ಕಲಾವಿದರೂ ಕೋಟೆಯ ಮಣ್ಣಿನ ಜೊತೆ ಇದೇ ನವಸಾಗರ ಸೇರಿಸಿ ಸತುವಿನ ಪಾತ್ರೆಯನ್ನು ಕಪ್ಪಾಗಿಸುತ್ತಾರೆ. ಇಲ್ಲಿ ಬೆಳ್ಳಗೆ ಮಾಡಲು ನೆರವಾಗುವ ಉಪ್ಪು ಅಲ್ಲಿ ಕಪ್ಪು ಮಾಡಲು ನೆರವಾಗುತ್ತದೆ ಎಂಬುದು ನನಗೆ ಈಗಲೂ ಸೋಜಿಗ.

ಹದ ಬಂದಾಗ ತವರದ ಕಡ್ಡಿಯ ತುದಿ ಮುಟ್ಟಿಸಿದೆ. ಅದು ಪಾದರಸದಂತೆ ಗುಂಡಾಗಿ ಉರುಳಿತು, ಹಿಡಿಯಲಿಲ್ಲ. ಎದೆ ಧಸಕ್ಕೆಂದಿತು. "ಎರಡು ಸುತ್ತು" ಎಂದೆ, ಮಗ ತಿರುಗಿಸಿದ. ಮತ್ತೆ ಚಿಟಿಕೆ ನವಸಾಗರ. ಈ ಸಲ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಂತೆ ತವರ ಕುಸಿದು ಹರಡಿತು. ಅರಳೆಯನ್ನು ನವಸಾಗರಕ್ಕೆ ಒತ್ತಿ, ಒಮ್ಮೆ ವೃತ್ತವಾಗಿ ಒರೆಸಿದೆ. ಕೈ ಹೋದ ದಾರಿಯಲ್ಲೆಲ್ಲ ಹಳದಿ ಅಳಿದು ಬೆಳ್ಳಿ ಬಂತು. ಒತ್ತಿ ಒರೆಸಬಾರದು, ಒತ್ತಿದರೆ ತವರವೆಲ್ಲ ಅರಳೆಗೇ ಬರುತ್ತದೆ. ತೇಲಿಸಿದರೆ ದಪ್ಪ ದಪ್ಪ ಗೆರೆ ಉಳಿಯುತ್ತವೆ. ನನ್ನ ಕಲಾಯಿಯಲ್ಲಿ ಆ ಗೆರೆಗಳಿವೆ, ಎಣಿಸಿದರೆ ಏಳು. ಇಕ್ಕಳ ಹಿಡಿದ ಜಾಗ ಬರಿದಾಗಿ ಉಳಿಯುತ್ತದೆ ಎಂಬುದು ನೆನಪಾಗಿ ಹಿಡಿತ ಬದಲಾಯಿಸುವಾಗ ಬೋಗುಣಿ ಜಾರಿ ಇನ್ನೇನು ನೆಲಕ್ಕೆ ಬೀಳುವುದರಲ್ಲಿತ್ತು. ಕಾದ ಹಿತ್ತಾಳೆಗೆ ಪೆಟ್ಟು ಬಿದ್ದರೆ ಬಿರುಕು ಬಿಡಬಹುದು. ಮಗ ಚಕ್ರ ಬಿಟ್ಟು ಚಿಮಟ ಕೊಟ್ಟು ಹಿಡಿದ. ಕೊನೆಗೆ ಹೊರಮೈಗೆ ತಣ್ಣೀರು ಸುರಿದಾಗ ಎದ್ದ ಚುಂಯ್ ಸದ್ದಿಗೆ ಅವ್ವ ಒಳಗಿನಿಂದ ಬಂದಳು.

ಅಕ್ಕಸಾಲಿಗ ಗೆಳೆಯನ ತಕ್ಕಡಿಯಲ್ಲಿ ಉಳಿದ ಕಡ್ಡಿಯನ್ನು ತೂಗಿಸಿದೆ. ಗಂಗಾಳಕ್ಕೆ ಸುಟ್ಟದ್ದನ್ನು ಬಿಟ್ಟರೆ, ಆ ದೊಡ್ಡ ಬೋಗುಣಿಗೆ ಹಿಡಿದದ್ದು ಸುಮಾರು 30 ಗ್ರಾಂ. ಚಾಚಾ ಅವರಿಗೆ ಹೇಳಿದಾಗ, "ಅಷ್ಟರಲ್ಲಿ ನಾನು ಎರಡು ಮಾಡುತ್ತಿದ್ದೆ" ಎಂದರು.

ಬಳಸುವಾಗಿನ ಎಚ್ಚರವನ್ನು ಮನೆಯಲ್ಲಿ ನಾನು ಜಗಳವಾಡಿಯೇ ಜಾರಿಗೆ ತರಬೇಕಾಯಿತು. ಬರಿ ಬೋಗುಣಿಯನ್ನು ಗ್ಯಾಸಿನ ಮೇಲಿಡಬಾರದು. ನೀರು ಇರುವತನಕ ಪಾತ್ರೆಯ ಒಳಮೈ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಬರಿದಾದರೆ 232 ಮುಟ್ಟಲು ಎಷ್ಟು ಹೊತ್ತೂ ಬೇಡ, ಕಲಾಯಿ ಕರಗಿ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಒಗ್ಗರಣೆ ಬೇರೆ ಬಾಣಲೆಯಲ್ಲಿ. ತಿರುವಲು ಮರದ ಹುಟ್ಟು. ತೊಳೆಯುವಾಗ ಪಾತ್ರೆ ಉಜ್ಜುವ ತಂತಿ ಮುಟ್ಟಿಸಬಾರದು, ಮೆತ್ತಗಿನ ಬಟ್ಟೆ ಸಾಕು. ಹುಳಿ ಅಡುಗೆಯನ್ನು ರಾತ್ರಿಯಿಡೀ ಅದರಲ್ಲೇ ಬಿಡಬಾರದು. ನನ್ನ ಹೆಂಡತಿ ಇಷ್ಟನ್ನೂ ಕೇಳಿ, "ಇದು ಪಾತ್ರೆಯೋ, ಬಾಣಂತಿಯೋ?" ಎಂದಳು.

ಎಳ್ಳಮಾವಾಸ್ಯೆಯ ದಿನ ಭಜ್ಜಿ ಅದರಲ್ಲೇ ಆಯಿತು. ಬಟ್ಟೆ ಸುತ್ತಿ ಹೊಲಕ್ಕೆ ಒಯ್ದೆವು, ಅಡುಗೆಯನ್ನು ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಎರಚುವ ಚರಗ ಚೆಲ್ಲಿದೆವು, ಸಜ್ಜೆ ರೊಟ್ಟಿಯ ಜೊತೆ ಉಂಡೆವು. ಕನರು ಇರಲಿಲ್ಲ. ನಾನು ಎರಡೆರಡು ಬಾರಿ ಕೇಳಿದ ಮೇಲೆ ಅವ್ವ, "ಉಪ್ಪು ಸ್ವಲ್ಪ ಮುಂದಾಗಿದೆ" ಎಂದಳು, ಅಷ್ಟೇ.

ಸುದ್ದಿ ಓಣಿಯಲ್ಲಿ ಹರಡಿದೆ. ಅಂಗಡಿಯ ಮೂಲೆಯಲ್ಲಿ ಸುಟ್ಟ ಮೋಟಾರುಗಳ ಪಕ್ಕ ಈಗ ಮೂರು ಹಿತ್ತಾಳೆ ಪಾತ್ರೆಗಳು ಕುಳಿತಿವೆ. ಚಾಚಾ ಅವರ ಬಳಿ ಒಯ್ಯಿರಿ, ಮೂರು ಪಾತ್ರೆಗಾದರೆ ಒಲೆ ಹೂಡುತ್ತಾರೆ ಎಂದು ಹೇಳಿದ್ದೇನೆ. ಬಂದವುಗಳನ್ನು ಮೊದಲು ಬೋರಲು ಹಾಕಿ ತಳ ನೋಡಿದೆ. ಒಂದಕ್ಕೆ ತೇಪೆ ಇದೆ.