ಹಾರ್ನ್ ಕೆಟ್ಟಿರಲಿಲ್ಲ, ಅರ್ತ್ ಕೆಟ್ಟಿತ್ತು
ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕಾರಿನ ಹಾರ್ನ್ ದನಿ ಕುಗ್ಗಿತ್ತು. ಒಂದು ದಿನ ಒತ್ತಿದರೆ ಕ್ಷೀಣವಾಗಿ ಗೊರಗೊರ, ಮರುದಿನ ಅದೂ ಇಲ್ಲ. ತಿರುವಿನಲ್ಲಿ ಎದುರಿನವರಿಗೆ ನಾನಿದ್ದೇನೆಂದು ತಿಳಿಸಲಾಗದ ಗಾಡಿ ಓಡಿಸುವುದು ನನಗೆ ಭಯ. ಅವತ್ತೇ ಬಾನೆಟ್ ಎತ್ತಿದೆ.

ಫ್ಯೂಸ್ ಸರಿಯಿತ್ತು. ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಒತ್ತಲು ಹೇಳಿ, ಹಾರ್ನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚಾದ ರಿಲೇ ಮೇಲೆ ಬೆರಳಿಟ್ಟೆ. ಟಿಕ್ ಎಂದು ಮಿಡಿಯಿತು. ಅಂದರೆ ಸ್ಟೀರಿಂಗ್ ಕಡೆ ತೊಂದರೆಯಿಲ್ಲ. ಇದರಿಂದ ನನಗೆ ದೊಡ್ಡ ಸಮಾಧಾನವಾಯಿತು. ಅಲ್ಲಿ ಏರ್‌ಬ್ಯಾಗ್ ಇರುತ್ತದೆ. ಟಿಕ್ ಕೇಳದಿದ್ದು, ರಿಲೇ ಬದಲಿಸಿದರೂ ಸರಿಹೋಗದಿದ್ದರೆ ಆ ಕೆಲಸವನ್ನು ಮನೆಯಲ್ಲಿ ಮಾಡಬೇಡಿ, ಮೆಕ್ಯಾನಿಕ್‌ಗೆ ಬಿಡಿ.

ಮುಂದೆ ಹಾರ್ನಿನ ಕನೆಕ್ಟರ್ ಕಳಚಿ, ಮಲ್ಟಿಮೀಟರ್ ಇಟ್ಟು ಮಗಳಿಂದ ಒತ್ತಿಸಿದೆ. 12.3 ವೋಲ್ಟ್! ಕರೆಂಟ್ ಬರುತ್ತಿದೆ, ಹಾಗಾದರೆ ಹಾರ್ನೇ ಸತ್ತಿದೆ ಎಂದುಕೊಂಡೆ. ಹೊಸದನ್ನು ತರುವ ಮುನ್ನ ಒಮ್ಮೆ ನೋಡಿಬಿಡೋಣವೆಂದು, ನಡುವೆ 15 ಆಂಪಿಯರ್ ಫ್ಯೂಸ್ ಹಾಕಿದ ವೈರಿನಿಂದ ಹಾರ್ನನ್ನು ನೇರ ಬ್ಯಾಟರಿಗೆ ಮುಟ್ಟಿಸಿದೆ. ಕಿವಿ ಗಡಚಿಕ್ಕುವಂತೆ ಕೂಗಿತು.

ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಅಳೆದ ರೀತಿ ತಪ್ಪಾಗಿತ್ತು. ಮೀಟರಿಗೆ ಬೇಕಾಗುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ತುಕ್ಕು ಹಿಡಿದ ಜಾಗದಲ್ಲೂ ಅದು ಸಲೀಸಾಗಿ ದಾಟುತ್ತದೆ. ಹಾರ್ನ್ ಹಾಗಲ್ಲ, ಒಳಗಿನ ಕಾಯಿಲ್ ಕೆಲವು ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಒಂದೇ ಒಂದು ಓಮ್ ತಡೆ ಇದ್ದರೂ 4 ಆಂಪಿಯರ್ ಹರಿದಾಗ 4 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹಾರ್ನಿನ ಪರದೆ ಅದುರಲು ಬೇಕಾದ ಬಲ ಉಳಿಯುವುದಿಲ್ಲ.

ಆದ್ದರಿಂದ ಕನೆಕ್ಟರನ್ನು ಮತ್ತೆ ಸಿಕ್ಕಿಸಿ, ಮೀಟರಿನ ಒಂದು ಕಡ್ಡಿಯನ್ನು ಹಾರ್ನಿನ ಅರ್ತ್ ವೈರಿಗೆ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ), ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಒತ್ತಿಸಿದೆ. ಅರ್ಧ ವೋಲ್ಟೂ ಇರಬಾರದ ಕಡೆ 5 ವೋಲ್ಟ್ ತೋರಿಸಿತು. ಕಳ್ಳ ಸಿಕ್ಕಿದ್ದ.

ಅರ್ತ್ ವೈರನ್ನು ಹಿಂಬಾಲಿಸಿದರೆ ಅದು ಗ್ರಿಲ್ ಹಿಂದೆ, ನೀರು ರಾಚುವ ಜಾಗದಲ್ಲೇ ಕಾರಿನ ಬಾಡಿಯ ಲೋಹಕ್ಕೆ ಬೋಲ್ಟ್ ಆಗಿತ್ತು. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು ಬೋಲ್ಟ್ ಬಿಚ್ಚಿದೆ. ವೈರಿನ ತುದಿಯಲ್ಲಿ, ಮೇಲೆ ಚೆನ್ನಾಗೇ ಕಾಣುತ್ತಿದ್ದ ರಿಂಗ್‌ನ ಅಡಿಯಲ್ಲಿ ಕಂದು ತುಕ್ಕಿನ ಪದರ. ರಿಂಗನ್ನೂ ಬಾಡಿಯ ಜಾಗವನ್ನೂ ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಬಿಗಿಯುವ ಮುಂಚೆಯಲ್ಲ, ಆಮೇಲೆ.

ಹಾರ್ನಿನ ಹಿಂದೆ ಒಂದು ಸಣ್ಣ ಸ್ಕ್ರೂ ಇತ್ತು. ಕರೆಂಟನ್ನು ಕೂಡಿಸಿ ಕಡಿಯುವ ಒಳಗಿನ ಪಾಯಿಂಟ್‌ಗಳ ಹೊಂದಾಣಿಕೆ ಅದರಿಂದಲೇ. ದನಿ ಕುಗ್ಗಿದಾಗ ಮೊದಲು ಕೈ ಹೋಗುವುದೇ ಅಲ್ಲಿಗೆ, ನನ್ನದೂ ಹೋಗಿತ್ತು. ತಿರುಗಿಸಿದ್ದರೆ ಸರಿಯಿದ್ದ ಹಾರ್ನನ್ನೂ ಕೆಡಿಸಿಕೊಳ್ಳುತ್ತಿದ್ದೆ.

ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ರೀತಿ ಮತ್ತೆ ಅಳೆದೆ: 0.1 ವೋಲ್ಟ್.