ತಗ್ಗು ಟ್ಯಾಂಕ್ ಯೆಜ್ಡಿಗೆ ಪಂಪ್ ಇಲ್ಲದೆ ಪೆಟ್ರೋಲ್ ಇಳಿಸಿದ ಬಗೆ

ಪೆಟ್ರೋಲ್ ಪಂಪ್ ಕೂರಿಸದೆ ಈ ಗಾಡಿ ಓಡಲ್ಲ ಅಂದವರೇ ಎಲ್ಲ. ಮೈಸೂರಲ್ಲಿ ತಯಾರಾದ ಹಳೇ ಯೆಜ್ಡಿ 250 ಬೈಕ್, ಮೇಲೆ ಹಳೇ ರೇಸ್ ಬೈಕ್ ಶೈಲಿಯ (ಕೆಫೆ ರೇಸರ್) ತಗ್ಗು ಟ್ಯಾಂಕ್, ಮೂಲದ ಜಿಕೋವ್ ಕಾರ್ಬುರೇಟರ್ ಜಾಗದಲ್ಲಿ ಮಿಕುನಿ ವಿಎಂ ಮಾದರಿಯ 28 ಮಿ.ಮೀ. ಕಾರ್ಬ್. ಟ್ಯಾಂಕ್ ತಗ್ಗಾದ್ದರಿಂದ ಪೆಟ್ರೋಲ್ ತಾನಾಗೇ ಜೋರಾಗಿ ಇಳಿಯಲ್ಲ. ಪಂಪ್ ಇಲ್ಲದೆಯೇ ಈಗ ಟಾಪ್ ಗೇರಲ್ಲಿ ಎಷ್ಟೇ ಎಳೆದರೂ ಉಸಿರು ಕಟ್ಟಲ್ಲ.

ಮೊದಲಿದ್ದ ಕಾಟ ಇಷ್ಟು: ಊರೊಳಗೆ ಸರಿ, ಹೈವೇಲಿ ಎರಡು-ಮೂರು ಕಿಲೋಮೀಟರಿಗೆ ಕುಂಟಿ ನಿಲ್ಲೋದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಕಿಡಿಯ ತೊಂದರೆ ಇರಬೇಕು ಅಂತ ಕಾಯಿಲ್, ಕಂಡೆನ್ಸರ್‌ಗೆ ಒಂದೂವರೆ ಸಾವಿರ ದಂಡ. ಮೇನ್ ಜೆಟ್ (ಎಂಜಿನ್ನಿಗೆ ಪೆಟ್ರೋಲ್ ಬಿಡೋ ತೂತು) ದೊಡ್ಡದು ಮಾಡಿದರೂ ಅಷ್ಟೇ; ಕಾರ್ಬಿನ ಕೆಳಗೆ ಪೆಟ್ರೋಲ್ ನಿಲ್ಲೋ ಬೌಲೇ ಖಾಲಿಯಾದರೆ ಜೆಟ್ ಏನು ಮಾಡೀತು? ನಿಂತ ಕೂಡಲೇ ಕಾಕ್ (ಟ್ಯಾಂಕಿನ ನಲ್ಲಿ) ಮುಚ್ಚಿ, ಬೌಲ್ ಡ್ರೈನ್ ಬಿಚ್ಚಿ ನೋಡಿ. ನಾಲ್ಕೇ ಹನಿ ಬಂದರೆ ಕರೆಂಟಿನ ತಂಟೆಗೆ ಹೋಗಬೇಡಿ. ಇದನ್ನು ಮುಂದೂಡಲೂ ಬೇಡಿ. ನಮ್ಮದು ಟು-ಸ್ಟ್ರೋಕ್ ಗಾಡಿ, ಆಯಿಲ್ ಬರೋದು ಪೆಟ್ರೋಲ್ ಜೊತೆಗೇ, ಹಾಗಾಗಿ ಪೆಟ್ರೋಲ್ ಕಮ್ಮಿಯಾದರೆ ಪಿಸ್ಟನ್ ಕಚ್ಚಿಕೊಂಡು ಸೀಜ್. ನನ್ನದು ಹಾಗೇ ಆಗಿ ಬೋರು, ಪಿಸ್ಟನ್ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು.

ಪೆಟ್ರೋಲ್ ಹರಿವನ್ನು ಅಳೆಯೋದು ಎಲ್ಲಿ ಅನ್ನೋದೇ ಮುಖ್ಯ. ಪೈಪ್ ತುದಿಯಲ್ಲಿ ನಿಮಿಷಕ್ಕೆ 400 ಮಿ.ಲೀ. ಬರುತ್ತಿತ್ತು, ನೋಡಿದವರೆಲ್ಲ ಸರಿ ಇದೆ ಅಂದರು. ಅದೇ ಪೈಪನ್ನು ಕಾರ್ಬಿಗೆ ಹಾಕಿ, ಡ್ರೈನ್ ಕೆಳಗೆ ಬಾಟಲಿ ಹಿಡಿದರೆ 90 ಚಿಲ್ಲರೆ! ಪೂರ್ತಿ ಎಳೆದಾಗ ಈ ಎಂಜಿನ್ 100ರ ಆಸುಪಾಸು ಕುಡಿಯುತ್ತೆ. 250 ಬಂದರೆ ನಿಶ್ಚಿಂತೆ. ಅಳೆಯುವಾಗ ಮುಚ್ಚಳ ಹಾಕಿರಲಿ, ಟ್ಯಾಂಕಲ್ಲಿ ರಿಸರ್ವ್‌ನಷ್ಟೇ ಇರಲಿ. ತುಂಬಿದ ಟ್ಯಾಂಕ್ ಸುಳ್ಳು ಹೇಳುತ್ತೆ.

ಕಳ್ಳ ಸಿಕ್ಕಿದ್ದು ನೀಡಲ್ ಸೀಟಲ್ಲಿ, ಅಂದರೆ ಬೌಲಿಗೆ ಪೆಟ್ರೋಲ್ ಬರೋ ತೂತಲ್ಲಿ; ಬೌಲಲ್ಲಿ ತೇಲೋ ಫ್ಲೋಟ್ ಮೇಲೆದ್ದು ನೀಡಲಿಂದ ಅದನ್ನು ಮುಚ್ಚುತ್ತೆ. ಕಾರ್ಬ್ ಜೊತೆ ಬಂದಿದ್ದು 1.5 ಮಿ.ಮೀ. ತೂತಿನದು, ಪಂಪಿನ ಒತ್ತಡ ಇದ್ದರಷ್ಟೇ ಸಾಲುವಂಥದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ 2.5ರದು ತಂದು ಹಾಕಿದೆ, ಇನ್ನೂರೈವತ್ತೋ ಮುನ್ನೂರೋ ಕೊಟ್ಟ ನೆನಪು. ಆದರೆ ತೂತು ದೊಡ್ಡದಾದರೆ ನೀಡಲನ್ನು ಒತ್ತಿ ಮುಚ್ಚೋಕೆ ಫ್ಲೋಟಿಗೆ ಬಲ ಸಾಲಲ್ಲ, ಓವರ್‌ಫ್ಲೋ ಶುರುವಾಗುತ್ತೆ. ಅದಕ್ಕೆ ಡ್ರೈನಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಕಾರ್ಬ್ ಪಕ್ಕ ಮೇಲಕ್ಕೆ ಹಿಡಿದು ಲೆವೆಲ್ ನೋಡುತ್ತಾ ಫ್ಲೋಟಿನ ನಾಲಿಗೆ ಬಗ್ಗಿಸಬೇಕು. ಎಷ್ಟು ಬಗ್ಗಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಉಳಿದವು ಸಣ್ಣಪುಟ್ಟವು, ಆದರೆ ಎಲ್ಲ ಸೇರಿದರೆ ಕಾಡುತ್ತವೆ. ಕಾರಿನ ಪೇಪರ್ ಫಿಲ್ಟರ್ ಕಿತ್ತು ಜಾಲರಿಯದು ಹಾಕಿ. ಪೈಪ್ ಎಲ್ಲೂ ಗೂನು ಬೀಳದೆ ಇಳಿಯಲಿ, ಗೂನಲ್ಲಿ ಗಾಳಿ ಕೂರುತ್ತೆ. ಹರಿವು ಶುರುವಿಗೆ ಜೋರಾಗಿದ್ದು ಆಮೇಲೆ ಸೊರಗಿದರೆ ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿರೋ ಸಾಧ್ಯತೆ ಜಾಸ್ತಿ. ಟ್ಯಾಂಕ್ ಮಾಡಿದವನು ಒಳಗೆ ಬಳಿದ ಲೈನರ್ (ತುಕ್ಕು ತಡೆಯೋ ಪದರ) ಇ20 ಪೆಟ್ರೋಲಿಗೆ, ಅಂದರೆ ಶೇ. 20 ಎಥನಾಲ್ ಬೆರೆಸಿದ್ದಕ್ಕೆ, ಸಿಪ್ಪೆಯೆದ್ದು ಕಾಕ್ ಜಾಲರಿಗೆ ಅಂಟಿತ್ತು. ಅದನ್ನು ಕೆರೆದು ತೆಗೆಯುವ ಕೂಲಿ ಹೊಸ ಕಾಕ್‌ಗಿಂತ ಜಾಸ್ತಿ. ಹಳೇ ರಬ್ಬರ್ ಪೈಪೂ ಉಬ್ಬಿತ್ತು, ಪೆಟ್ರೋಲ್ ತಡೆಯೋ ವಿಟಾನ್ ರಬ್ಬರಿನದು ಹಾಕಿದೆ.

ನಡುವೆ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಒತ್ತಡದಲ್ಲಿ ನಡೆಯೋ ಪಲ್ಸ್ ಪಂಪೂ ನೋಡಿಯಾಯಿತು. ದೊಡ್ಡ ನೀಡಲ್ ಸೀಟ್ ಇದ್ದಾಗ ಅದು ಕಾರ್ಬನ್ನೇ ಮುಳುಗಿಸುತ್ತೆ, ಕಿತ್ತೆಸೆದೆ. ಅದಕ್ಕಿಂತ ಟ್ಯಾಂಕನ್ನೇ ರಬ್ಬರ್ ಕೊಟ್ಟು 15 ಮಿ.ಮೀ. ಎತ್ತಿ, ಮುಂದೆ ಒಂಚೂರು ಜಾಸ್ತಿ ಕೊಟ್ಟರೆ ಪೆಟ್ರೋಲ್ ಹಿಂದಿನ ಕಾಕ್ ಕಡೆಗೆ ಬರುತ್ತೆ. ಕಾಕ್ ಇಲ್ಲದ ಬದಿಯಲ್ಲಿ ಅರ್ಧ ಲೀಟರ್ ನಿಂತೇ ಇರುತ್ತಿತ್ತು. ಎರಡೂ ಬದಿಗೆ ಸೇರಿಸಿ ಅಡ್ಡ ಪೈಪ್ ಕೊಡಿಸಿದ ಮೇಲೆ ಅದೂ ಇಳಿಯಿತು. ಈಗ ರಿಸರ್ವ್‌ನಲ್ಲೂ ಡ್ರೈನಿಂದ 270–280 ಬರುತ್ತೆ, ಪ್ಲಗ್ ಕಂದು, ಅಂದರೆ ಪೆಟ್ರೋಲ್-ಗಾಳಿ ಹದ ಸರಿ ಇದೆ. ಮೇನ್ ಜೆಟ್ ವಾಪಸ್ ಎರಡು ಸೈಜ್ ಕೆಳಗೆ ಬಂದಿದೆ.